ನೆತ್ತರೊಳಗಿನ ಕಬ್ಬಿಣ

ಧಾರಾವಾಹಿ ಕಾದಂಬರಿಗಳ ನಾಯಕಿಯರಿಗೆ ಎರಡೇ ಬಣ್ಣ. ನಾಚಿಕೆಯಾದಾಗ ಕೆನ್ನೆ ಕೆಂಪೇರುತ್ತದೆ. ದುಃಖ ಬಂದಾಗ ಮುಖ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಂಡ ನಾಯಕಿ ಕಿಟಕಿಯ ಸರಳು ಹಿಡಿದು ನಿಂತಳೆಂದರೆ ಓದುವವರ ಕಣ್ಣು ತೇವವಾಗುತ್ತದೆ. ಚಿತ್ರಕಾರನೂ ಆ ಸೊರಗಿದ ಮುಖಕ್ಕೆ ತನ್ನ ಪಾಲಿನ ಲಾವಣ್ಯವೊಂದನ್ನು ಸೇರಿಸುತ್ತಾನೆ. ಆದರೆ ಅದೇ ನಾಯಕಿ ಕತೆಯ ಪುಟದಿಂದ ಇಳಿದುಬಂದು ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕುಳಿತರೆ, ಡಾಕ್ಟರು ಅವಳ ವಿರಹವನ್ನು ವಿಚಾರಿಸುವುದಿಲ್ಲ. ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆಳೆದು ಒಳಗಿನ ಬಣ್ಣವನ್ನು ನೋಡುತ್ತಾರೆ. ಅಲ್ಲಿ ಕೆಂಪು ಇರಬೇಕಾದ ಕಡೆ ಬಿಳುಪು ಕಂಡರೆ, ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆಯುವಂತೆ ಚೀಟಿ ಬರೆಯುತ್ತಾರೆ. ನಾಯಕಿಯ ದುಃಖಕ್ಕೆ ಅರ್ಧ ಕಾರಣ ಆ ಚೀಟಿಯ ಮೇಲೆ ಅಂಕಿಯಾಗಿ ಮೂಡಿ ಬರುವುದೂ ಉಂಟು.

ಬಿಳುಪಿಗೆ ಈ ದೇಶದಲ್ಲಿ ಹಳೆಯ ಹೆಸರಿದೆ. ವ್ಯಾಸರನ್ನು ಕಂಡು ಹೆದರಿ ಬಣ್ಣಗೆಟ್ಟ ಅಂಬಾಲಿಕೆಗೆ ಹುಟ್ಟಿದ ಮಗ ಪಾಂಡು. ಅದೇ ಶಬ್ದದಿಂದ ಪಾಂಡುರೋಗ. ಚರಕಸಂಹಿತೆಯಲ್ಲಿ ಆ ರೋಗದ ಚಿಕಿತ್ಸೆಗೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಅಲ್ಲಿ ಹೇಳಿರುವ ಔಷಧಗಳಲ್ಲಿ ಕಬ್ಬಿಣದ ಚೂರ್ಣವೂ ಸೇರಿದೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ವೈದ್ಯ ಥಾಮಸ್ ಸಿಡನ್‌ಹ್ಯಾಮ್, ಬಣ್ಣಗೆಟ್ಟು ಸೊರಗಿದ ತರುಣಿಯರಿಗೆ ಕಬ್ಬಿಣದ ಅರವನ್ನು ದ್ರಾಕ್ಷಾಮದ್ಯದಲ್ಲಿ ನೆನೆಸಿ ಕುಡಿಸುತ್ತಿದ್ದನು. ರಕ್ತದಲ್ಲಿ ಕಬ್ಬಿಣವಿದೆಯೆಂಬುದು ಇವರಾರಿಗೂ ಗೊತ್ತಿರಲಿಲ್ಲ. ಬಲಕ್ಕೆ ಬಲವೇ ಮದ್ದೆಂಬ ತರ್ಕವಷ್ಟೆ; ಆದರೂ ಬಾಣ ಗುರಿಯನ್ನೇ ಮುಟ್ಟಿತ್ತು.

ಗೊತ್ತು ಮಾಡಿಕೊಂಡವನು ಇಟಲಿಯ ಬೊಲೋನ್ಯಾ ಪಟ್ಟಣದ ವೈದ್ಯ ವಿಂಚೆನ್ಸೊ ಮೆಂಗಿನಿ. ಅವನು ರಕ್ತವನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯ ಬಳಿ ಅಯಸ್ಕಾಂತವನ್ನು ಹಿಡಿದನು. ಬೂದಿಯ ಕಣಗಳು ಎದ್ದು ಅದಕ್ಕೆ ಅಂಟಿಕೊಂಡವು. ೧೭೪೬ರಲ್ಲಿ ಇದು ಪ್ರಕಟವಾಯಿತು. ಆ ಕಬ್ಬಿಣವನ್ನು ಹೊತ್ತಿರುವ ಕೆಂಪು ದ್ರವ್ಯಕ್ಕೆ ಹೀಮೋಗ್ಲೋಬಿನ್ ಎಂದು ಹೆಸರಿಟ್ಟವನು ಜರ್ಮನಿಯ ಹೋಪೆ-ಸೈಲರ್, ೧೮೬೪ರಲ್ಲಿ. ಅದರ ರೂಪವನ್ನು ಕಾಣಬೇಕೆಂದು ಹಟ ಹಿಡಿದವನು ವಿಯೆನ್ನಾ ನಗರದಿಂದ ಕೇಂಬ್ರಿಡ್ಜಿಗೆ ಬಂದಿದ್ದ ಮ್ಯಾಕ್ಸ್ ಪೆರುಟ್ಸ್. ೧೯೩೭ರಲ್ಲಿ ಅವನು ಹೀಮೋಗ್ಲೋಬಿನ್ನಿನ ಹರಳುಗಳ ಮೇಲೆ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆಯತೊಡಗಿದಾಗ ವಯಸ್ಸು ೨೩. ನಡುವೆ ಮಹಾಯುದ್ಧ ಬಂತು. ಶತ್ರುದೇಶದವನೆಂದು ಅವನನ್ನು ಬಂಧಿಸಿ ಕೆನಡಾಕ್ಕೆ ಸಾಗಿಸಿದರು. ಬಿಡುಗಡೆಯಾಗಿ ಬಂದವನು ಮತ್ತೆ ಅದೇ ಹರಳಿನ ಮುಂದೆ ಕುಳಿತನು. ಚಿತ್ರ ಸ್ಪಷ್ಟವಾಗುವ ಹೊತ್ತಿಗೆ ೧೯೫೯ ಬಂದಿತ್ತು. ೧೯೬೨ರಲ್ಲಿ ಜಾನ್ ಕೆಂಡ್ರೂನೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಇಪ್ಪತ್ತೆರಡು ವರ್ಷ ಒಂದೇ ಅಣುವಿನ ಬೆನ್ನು ಹತ್ತುವ ತಾಳ್ಮೆ ಋಷಿಗಳಿಗಿತ್ತೆಂದು ಪುರಾಣ ಹೇಳುತ್ತದೆ. ಪ್ರಯೋಗಶಾಲೆಯಲ್ಲಿಯೂ ಅದು ಅಪರೂಪವಾಗಿ ಕಾಣಸಿಗುತ್ತದೆ.

ಅವನು ಕಂಡದ್ದೇನು? ಸುಮಾರು ಹತ್ತು ಸಾವಿರ ಪರಮಾಣುಗಳ ಒಂದು ದೊಡ್ಡ ಗಂಟು. ಅದರಲ್ಲಿ ಕಬ್ಬಿಣದ ಪರಮಾಣುಗಳು ನಾಲ್ಕೇ ನಾಲ್ಕು. ಉಳಿದ ಸಂಸಾರವೆಲ್ಲ ಆ ನಾಲ್ವರ ಸೇವೆಗೆ. ಒಂದೊಂದು ಕಬ್ಬಿಣವೂ ಉಂಗುರದ ನಡುವಿನ ಹರಳಿನಂತೆ ಒಂದು ಚಪ್ಪಟೆ ಬಳೆಯೊಳಗೆ ಕುಳಿತಿರುತ್ತದೆ. ಹೊರಗೆ ಮಳೆಗಾಲದಲ್ಲಿ ಬಿಟ್ಟ ಕಬ್ಬಿಣ ಆಮ್ಲಜನಕದೊಡನೆ ಕೂಡಿ ತುಕ್ಕಾಗುತ್ತದೆ. ಅಲ್ಲಿಗೆ ಆ ಸ್ನೇಹ ಮುಗಿಯಿತು, ಬಿಡಿಸಿಕೊಳ್ಳುವಂತಿಲ್ಲ. ರಕ್ತದೊಳಗಿನ ಕಬ್ಬಿಣ ಹಾಗಲ್ಲ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿಯುತ್ತದೆ, ಮೈಯ ಮೂಲೆಮೂಲೆಗೆ ಹೋಗಿ ಬಿಡುತ್ತದೆ, ಬರಿಗೈಯಲ್ಲಿ ಹಿಂದಿರುಗುತ್ತದೆ. ತುಕ್ಕು ಹಿಡಿಯದಂತೆ ಅದನ್ನು ಕಾಯುವುದೇ ಸುತ್ತಲಿನ ಗಂಟಿನ ಕೆಲಸ. ಹಿಡಿದಾಗ ಒಂದು ಆಕಾರ, ಬಿಟ್ಟಾಗ ಇನ್ನೊಂದು. ಪ್ರಾಗ್ ನಗರದ ಫೆಲಿಕ್ಸ್ ಹೌರೋವಿಟ್ಸ್ ೧೯೩೮ರಲ್ಲಿಯೇ ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಕಂಡಿದ್ದನು: ಗಾಳಿ ತಗುಲಿದೊಡನೆ ನೇರಳೆ ಬಣ್ಣದ ಬಿಲ್ಲೆಯಂಥ ಹರಳುಗಳು ಕರಗಿ, ಕಡುಗೆಂಪಿನ ಸೂಜಿಗಳಾಗಿ ಮೂಡಿದುವು. ಮನುಷ್ಯ ಮೂಗಿನಿಂದ ಉಸಿರಾಡುತ್ತಾನೆಂಬುದು ಲೋಕರೂಢಿಯ ಮಾತು. ಉಸಿರು ತಲುಪುವುದು ಈ ಅಣುವಿನಲ್ಲಿ. ಒಂದು ಲೀಟರು ರಕ್ತ ಸುಮಾರು ೨೦೦ ಮಿಲಿಲೀಟರು ಆಮ್ಲಜನಕವನ್ನು ಹೊರುತ್ತದೆ. ಅದರಿಂದ ಹೀಮೋಗ್ಲೋಬಿನ್ನನ್ನು ತೆಗೆದುಬಿಟ್ಟರೆ ಉಳಿದ ದ್ರವ ಹೊರಬಲ್ಲದ್ದು ಮೂರು ಮಿಲಿಲೀಟರಿನಷ್ಟು ಮಾತ್ರ.

ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಬೇಕು. ಗಿಡದ ಎಲೆಯ ಹಸಿರಿನಲ್ಲಿಯೂ ಇದೇ ಜಾತಿಯ ಬಳೆಯಿದೆ. ನಡುವೆ ಕಬ್ಬಿಣಕ್ಕೆ ಬದಲು ಮೆಗ್ನೀಸಿಯಮ್. ದಂಟಿನ ಸೊಪ್ಪೂ ಅದನ್ನು ಹೆಚ್ಚುವ ಕೈಯೊಳಗಿನ ನೆತ್ತರೂ ದಾಯಾದಿಗಳು.

ಇಷ್ಟು ದೊಡ್ಡ ವ್ಯವಹಾರಕ್ಕೆ ಬಂಡವಾಳ ಎಷ್ಟು? ಮೂರರಿಂದ ನಾಲ್ಕು ಗ್ರಾಮು ಕಬ್ಬಿಣ. ಒಂದು ಮೊಳೆಯ ತೂಕ. ಅದರಲ್ಲಿ ಮೂರನೆಯ ಎರಡು ಪಾಲು ಹೀಮೋಗ್ಲೋಬಿನ್ನಿನಲ್ಲಿದೆ. ಜಿಪುಣನ ಮನೆಯ ಲೆಕ್ಕದಂತೆ ದೇಹ ಇದನ್ನು ಕಾಪಾಡುತ್ತದೆ. ಕೆಂಪು ರಕ್ತಕಣವೊಂದರ ಆಯುಸ್ಸು ೧೨೦ ದಿನ. ಅದು ಸತ್ತಾಗ ಅದರ ಕಬ್ಬಿಣವನ್ನು ಬಿಚ್ಚಿ ಹೊಸ ಕಣಕ್ಕೆ ತೊಡಿಸುತ್ತಾರೆ. ಹಳೆಯ ಸೀರೆ ಕೂಸಿನ ಹೊದಿಕೆಯಾಗುವ ಹಾಗೆ. ದಿನಕ್ಕೆ ಇಪ್ಪತ್ತು ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಹೀಗೆ ಒಳಗೊಳಗೇ ತಿರುಗುತ್ತದೆ. ಹೊರಗಿನಿಂದ ಬೇಕಾದದ್ದು ಒಂದೆರಡು ಮಿಲಿಗ್ರಾಮು ಮಾತ್ರ. ಕಬ್ಬಿಣವನ್ನು ಹೊರಹಾಕುವುದಕ್ಕೆ ದೇಹದಲ್ಲಿ ದಾರಿಯೇ ಇಲ್ಲವೆಂದು ೧೯೩೭ರಲ್ಲಿ ಲಂಡನ್ನಿನ ಮೆಕಾನ್ಸ್ ಮತ್ತು ಎಲ್ಸಿ ವಿಡೋಸನ್ ತೋರಿಸಿದರು. ಕಾವಲು ಇರುವುದು ಕರುಳಿನ ಬಾಗಿಲಲ್ಲಿ. ಒಳಗೆ ಬಿಡುವುದೋ ಬೇಡವೋ ಎಂಬ ತೀರ್ಮಾನ ಅಲ್ಲಿ ಆಗುತ್ತದೆ.

ಗಂಡಸಿನ ಮಟ್ಟಿಗೆ ಈ ಲೆಕ್ಕ ಸರಿಹೋಗುತ್ತದೆ. ಹೆಂಗಸಿನ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಖರ್ಚು ಬೀಳುತ್ತದೆ. ಬಸುರು, ಹೆರಿಗೆ ಎರಡೂ ಸೇರಿ ಸುಮಾರು ಸಾವಿರ ಮಿಲಿಗ್ರಾಮು ಕಬ್ಬಿಣವನ್ನು ಕೇಳುತ್ತವೆ; ಅಂದರೆ ಇಡೀ ಬಂಡವಾಳದ ಕಾಲುಭಾಗ, ಕೆಲವರಲ್ಲಿ ಮೂರನೆಯ ಒಂದು ಭಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಗಂಡಸಿನ ದಿನದ ಊಟದಲ್ಲಿ ೧೯ ಮಿಲಿಗ್ರಾಮು ಕಬ್ಬಿಣ ಸಾಕೆಂದೂ ಹೆಂಗಸಿಗೆ ೨೯ ಮಿಲಿಗ್ರಾಮು ಬೇಕೆಂದೂ ಹೇಳಿದೆ. ಹೆಂಗಸಿನ ಊಟವೋ ಗಂಡಸಿನದಕ್ಕಿಂತ ಚಿಕ್ಕದು. ಸಾಲದುದಕ್ಕೆ, ಅವಳು ಕೂರುವುದು ಕಡೆಯ ಪಂಕ್ತಿಯಲ್ಲಿ.

ಈ ಕಡೆಯ ಪಂಕ್ತಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮೊದಲ ಪಂಕ್ತಿಯಲ್ಲಿ ಯಜಮಾನರೂ ಮಕ್ಕಳೂ ಕುಳಿತಾಗ ಹುಳಿಯಲ್ಲಿ ಬೇಳೆ ಇರುತ್ತದೆ, ತರಕಾರಿಯ ಹೋಳು ಇರುತ್ತದೆ. ಸೌಟು ತಳಮುಟ್ಟಿ ಬಡಿಸುವುದು ಅವರಿಗೆ. ಎಲ್ಲರೂ ಎದ್ದಮೇಲೆ ಮನೆಯೊಡತಿ ತನ್ನ ತಟ್ಟೆಗೆ ಪಾತ್ರೆಯನ್ನು ಬಗ್ಗಿಸಿದರೆ ಬೀಳುವುದು ತಿಳಿ. ಪಲ್ಯ ಮುಗಿದಿರುತ್ತದೆ, ಉಪ್ಪಿನಕಾಯಿ ಇರುತ್ತದೆ. ಮೊಸರನ್ನವೇ ಅವಳ ಊಟದ ಮುಖ್ಯಭಾಗ. ಹಾಲು, ಮೊಸರು ಅಮೃತಸಮಾನವೆಂಬುದು ನಿಜವೇ, ಆದರೆ ಆ ಅಮೃತದಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಮೆ. ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸಗಳೂ ಅವಳ ಪಾಲಿಗೇ. ಊಟವಾದೊಡನೆ, ಬೆಳಗಿನಿಂದ ದುಡಿದ ಮೈಗೆ ಏಕಮಾತ್ರ ಸುಖವಾಗಿ, ಒಂದು ಲೋಟ ಬಿಸಿ ಕಾಫಿ.

ಆ ಕಾಫಿಯೇ ಕಳ್ಳ. ಅಮೆರಿಕದ ಸಂಶೋಧಕರು ೧೯೮೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಊಟದ ಜೊತೆಗೆ ಒಂದು ಲೋಟ ಕಾಫಿ ಕುಡಿದವರ ಕರುಳು ಶೇಕಡಾ ೩೯ರಷ್ಟು ಕಡಮೆ ಕಬ್ಬಿಣವನ್ನು ಹೀರಿತು; ಚಹ ಇನ್ನೂ ಒಂದು ಕೈ ಮೇಲು, ಶೇಕಡಾ ೬೪. ಊಟವಾದ ಒಂದು ಗಂಟೆಯ ಮೇಲೆ ಕುಡಿದರೂ ಕಾಫಿಯಿಂದ ನಷ್ಟ ಅಷ್ಟೇ. ಆದರೆ ಊಟಕ್ಕೆ ಒಂದು ಗಂಟೆ ಮುಂಚಿತವಾಗಿ ಕುಡಿದರೆ ನಷ್ಟವೇ ಇಲ್ಲ! ಮೈಸೂರು ಸೀಮೆಯ ಮನೆಗಳಿಗೆ ಇದಕ್ಕಿಂತ ಶುಭವಾದ ವೈಜ್ಞಾನಿಕ ವಾರ್ತೆ ಬೇರೆ ಇರಲಾರದು.

ಧಾನ್ಯ, ಬೇಳೆ, ಸೊಪ್ಪುಗಳ ಕಬ್ಬಿಣ ಸುಲಭವಾಗಿ ಮೈಗೂಡುವುದಿಲ್ಲ. ಮಾಂಸದಲ್ಲಿರುವ ಕಬ್ಬಿಣ ಬಳೆಯ ಸಮೇತ ಕರುಳನ್ನು ದಾಟುವುದರಿಂದ ಹೆಚ್ಚು ದಕ್ಕುತ್ತದೆ. ಸಸ್ಯಾಹಾರಿಗಳು ಇದಕ್ಕಾಗಿ ಕುಲಾಚಾರವನ್ನು ಬಿಡಬೇಕಾಗಿಲ್ಲ. ಹುಳಿಹಣ್ಣುಗಳ ಸಿ ಜೀವಸತ್ವ ಜೊತೆಗಿದ್ದರೆ ಸೊಪ್ಪಿನ ಕಬ್ಬಿಣಕ್ಕೂ ಬಾಗಿಲು ತೆರೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನ್ನದ ಊಟದ ಜೊತೆಗೆ ಸೀಬೆಹಣ್ಣು ಕೊಟ್ಟಾಗ ಹುಡುಗ ಹುಡುಗಿಯರ ಮೈಗೂಡಿದ ಕಬ್ಬಿಣ ಇಮ್ಮಡಿಯಾಯಿತು. ನೆನೆಸಿದ ಹೆಸರುಬೇಳೆಗೆ ನಿಂಬೆಹಣ್ಣು ಹಿಂಡಿದ ಕೋಸಂಬರಿಯನ್ನು ರಾಮನವಮಿಗೆ ಮಾತ್ರ ಮೀಸಲಿಟ್ಟಿರುವುದು ಅನ್ಯಾಯವೇ ಸರಿ. ಚಿತ್ರಾನ್ನದ ವಿಷಯದಲ್ಲಿ ಅಜ್ಜಿಯರ ಕಟ್ಟಪ್ಪಣೆ ಪ್ರಸಿದ್ಧವಾದದ್ದು: ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡು, ಇಲ್ಲದಿದ್ದರೆ ಕಹಿಯಾಗುತ್ತದೆ. ಅವರು ನಾಲಗೆಗಾಗಿ ಹೇಳಿದ್ದು. ಕಾವಿನಲ್ಲಿ ನಾಶವಾಗುವ ಜೀವಸತ್ವವೂ ಅದರಿಂದ ಉಳಿಯಿತು. ಹುರುಳಿ, ಹೆಸರು, ರಾಗಿಗಳನ್ನು ಮೊಳಕೆ ಕಟ್ಟುವುದರಿಂದಲೂ ಕಬ್ಬಿಣವನ್ನು ಕಟ್ಟಿಹಾಕಿರುವ ಪದಾರ್ಥಗಳು ಸಡಿಲವಾಗುತ್ತವೆ.

ಪಾಲಕ್ ಸೊಪ್ಪಿನ ಕೀರ್ತಿಯ ಬಗ್ಗೆ ಮಾತ್ರ ಎಚ್ಚರವಾಗಿರಬೇಕು. ಅದರಲ್ಲಿರುವ ಕಬ್ಬಿಣ ನೂರು ಗ್ರಾಮಿಗೆ ಮೂರು ಮಿಲಿಗ್ರಾಮಿನ ಆಸುಪಾಸು. ನುಗ್ಗೆಸೊಪ್ಪಿನಲ್ಲಿ ಅದಕ್ಕಿಂತ ಹೆಚ್ಚು. ಯಾರೋ ವಿಜ್ಞಾನಿ ದಶಮಾಂಶದ ಚುಕ್ಕೆಯನ್ನು ತಪ್ಪು ಜಾಗದಲ್ಲಿಟ್ಟಿದ್ದರಿಂದ ಪಾಲಕ್‌ಗೆ ಹತ್ತರಷ್ಟು ಕೀರ್ತಿ ಬಂತೆಂಬ ಕತೆಯೊಂದು ೧೯೮೧ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿ ಲೋಕವನ್ನೆಲ್ಲ ಸುತ್ತಿತು. ೨೦೧೦ರಲ್ಲಿ ಮೈಕ್ ಸಟನ್ ಎಂಬವರು ಹಳೆಯ ಕಡತಗಳನ್ನು ಕೆದಕಿ ನೋಡಿದರೆ, ಆ ಚುಕ್ಕೆಯ ಕತೆಗೇ ಆಧಾರವಿರಲಿಲ್ಲ. ತಪ್ಪನ್ನು ತಿದ್ದಲು ಹೊರಟ ಮಾತೂ ತಪ್ಪಾಗಬಹುದು.

ಪಾತ್ರೆಗಳದೂ ಒಂದು ಪಾಲಿದೆ. ಹಿಂದಿನ ಅಡಿಗೆಮನೆಯಲ್ಲಿ ದೋಸೆಯ ಹೆಂಚು, ಬಾಣಲೆ, ಒಗ್ಗರಣೆಯ ಸೌಟು ಎಲ್ಲವೂ ಕಬ್ಬಿಣದವು. ಹುಳಿ ಪದಾರ್ಥ ಅದರಲ್ಲಿ ಕುದಿದರೆ ಕಪ್ಪಾಗುತ್ತದೆಂದು ಹೆಂಗಸರು ಬೈದುಕೊಳ್ಳುತ್ತಿದ್ದರು; ಆ ಕಪ್ಪೇ ಕಬ್ಬಿಣ. ಎತಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯ ಅಡಿಗೆ ಉಂಡ ಮಕ್ಕಳ ಹೀಮೋಗ್ಲೋಬಿನ್, ಅಲ್ಯೂಮಿನಿಯಂ ಪಾತ್ರೆಯ ಅಡಿಗೆ ಉಂಡ ಮಕ್ಕಳಿಗಿಂತ ಹೆಚ್ಚಿತೆಂದು ೧೯೯೯ರಲ್ಲಿ ವರದಿಯಾಯಿತು. ಹೊಳೆಯುವ ಸ್ಟೀಲೂ ಅಂಟದ ಬಾಣಲೆಯೂ ಬಂದಮೇಲೆ ಆ ಕಪ್ಪು ಅಡಿಗೆಮನೆಯಿಂದ ಹೊರಟುಹೋಯಿತು.

ಎಲ್ಲ ರಕ್ತಹೀನತೆಗೂ ಕಬ್ಬಿಣವೊಂದೇ ಮದ್ದಲ್ಲವೆಂಬುದಕ್ಕೆ ಬೊಂಬಾಯಿಯಲ್ಲಿಯೂ ಸಾಕ್ಷಿ ಸಿಕ್ಕಿತು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ೧೯೨೮ರಲ್ಲಿ ಅಲ್ಲಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಸುರಿಯರ ವಿಚಿತ್ರ ರಕ್ತಹೀನತೆಯನ್ನು ಅಭ್ಯಸಿಸಿದಳು. ಅವರ ಊಟವನ್ನು ಪರಿಶೀಲಿಸಿ, ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕಡೆಗೆ ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟಿನಿಂದ ಆ ಬಸುರಿಯರು ಚೇತರಿಸಿಕೊಂಡುದನ್ನು ೧೯೩೧ರಲ್ಲಿ ಲೋಕಕ್ಕೆ ತಿಳಿಸಿದಳು. ಆ ಸಾರದೊಳಗಿನ ಅಜ್ಞಾತ ವಸ್ತುವೇ ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಹೆಸರಿಟ್ಟ ಫೋಲಿಕ್ ಆಮ್ಲ. ಪಾಲಕ್‌ಗೆ ಕಳೆದ ಕೀರ್ತಿ ಈ ದಾರಿಯಿಂದ ಸ್ವಲ್ಪ ಹಿಂದಿರುಗಿತೆನ್ನಬಹುದು. ಪ್ರಯೋಗಶಾಲೆಯಲ್ಲಿ ಆ ಆಮ್ಲವನ್ನು ತಯಾರಿಸಿದ ಅಮೆರಿಕದ ತಂಡದ ಮುಂದಾಳು ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಬಸುರಿಯರಿಗೆ ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ ೬೦ ಮಿಲಿಗ್ರಾಮು ಕಬ್ಬಿಣದ ಜೊತೆಗೆ ಈ ಫೋಲಿಕ್ ಆಮ್ಲವೂ ಇದೆ.

ಮಾತ್ರೆಯಿದೆ, ಜ್ಞಾನವಿದೆ, ರೋಗವೂ ಇದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ೧೫ರಿಂದ ೪೯ ವರ್ಷದೊಳಗಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರೆಂದು ಕಂಡುಬಂತು; ಗಂಡಸರಲ್ಲಿ ೨೫. ಕರ್ನಾಟಕದ ಹೆಂಗಸರಲ್ಲಿ ಈ ಸಂಖ್ಯೆ ಸುಮಾರು ೪೮. ಇದು ಹಳ್ಳಿಯ ಕೂಲಿಕಾರರ ಮಾತೆಂದು ಪಟ್ಟಣದ ಸುಖವಾಸಿಗಳು ಪುಟ ತಿರುಗಿಸುವಂತಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆ. ಎರಡು ಹೊತ್ತು ಊಟಕ್ಕೆ, ತಿಂಡಿಗೆ ಏನೂ ಕೊರತೆಯಿಲ್ಲ. ಆ ಮನೆಯ ಹಿರಿಯ ಮೊಮ್ಮಗುವಿನ ಬಳಪದ ಪೆಟ್ಟಿಗೆ ವಾರಕ್ಕೊಮ್ಮೆ ಬರಿದಾಗತೊಡಗಿತು. ಮಗುವಿಗೆ ಎರಡು ಏಟೂ ಬಿದ್ದುವು. ಬಳಪವನ್ನು ತಿನ್ನುತ್ತಿದ್ದವಳು ಅದರ ತಾಯಿ; ಆಗ ಅವಳಿಗೆ ನಾಲ್ಕು ತಿಂಗಳು. ಬಸುರಿಯ ಬಯಕೆಯೆಂದು ನೆರೆಹೊರೆಯವರು ನಕ್ಕರು. ಹಸಿ ಅಕ್ಕಿ, ಮಣ್ಣಿನ ಹೆಂಟೆ, ಬಳಪ ಇವುಗಳ ಮೇಲೆ ಬರುವ ಆಸೆ ಅನೇಕ ವೇಳೆ ಕಬ್ಬಿಣದ ಬಡತನದ ಗುರುತೆಂಬುದು ಯಾರಿಗೂ ತೋಚಲಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವುದು ಹೆಚ್ಚಾದ ಮೇಲೆ ಅತ್ತೆಯೇ ಅವಳನ್ನು ಡಾಕ್ಟರರಲ್ಲಿಗೆ ಕರೆದುಕೊಂಡು ಹೋದರು.

“ಇವಳದ್ದು ಮೊದಲಿನಿಂದಲೂ ಇದೇ ಕತೆ ಡಾಕ್ಟರಮ್ಮ. ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ನಮ್ಮ ಕಾಲದಲ್ಲಿ ಬಸುರಿ ಹೆಂಗಸರು ಬಾವಿಯಿಂದ ನೀರು ಸೇದುತ್ತಿದ್ದರು,” ಎಂದರು.

ಡಾಕ್ಟರಮ್ಮ ಸೊಸೆಯ ರೆಪ್ಪೆಯನ್ನು ನೋಡಿದರು. ರಕ್ತದ ಚೀಟಿ ಬಂತು: ೭.೮. ಬಸುರಿಯಲ್ಲಿ ಅದು ೧೧ ಇರಬೇಕು. “ಸೋಮಾರಿತನ ಅಲ್ಲಮ್ಮ ಇದು. ಹೆರಿಗೆಯ ಹೊತ್ತಿನಲ್ಲಿ ರಕ್ತ ಹೋಗುವುದು ಎಲ್ಲರಿಗೂ ಉಂಟು. ಮೈಯಲ್ಲಿ ಇದ್ದವರು ತಡೆದುಕೊಳ್ಳುತ್ತಾರೆ. ಇಷ್ಟೇ ಇದ್ದರೆ, ಅದೇ ರಕ್ತಸ್ರಾವಕ್ಕೆ ಜೀವ ಹೋಗಬಹುದು.” ಅತ್ತೆ ಮಾತಾಡಲಿಲ್ಲ. “ಎಲ್ಲಿ, ನಿಮ್ಮ ಕಣ್ಣನ್ನೂ ಸ್ವಲ್ಪ ತೋರಿಸಿ,” ಎಂದು ಡಾಕ್ಟರಮ್ಮ ಅವರ ರೆಪ್ಪೆಗೂ ಕೈಹಾಕಿದರು.

“ನನಗೇನಾಗಿದೆ? ವಯಸ್ಸಾಯಿತು, ಅಷ್ಟೆ.”

ಅವರದು ೯.೪. ತಿಂಗಳ ಖರ್ಚು ನಿಂತು ಹತ್ತು ವರ್ಷವಾಗಿದ್ದ ಹೆಂಗಸಿಗೆ ೧೨ ಇರಬೇಕಾಗಿತ್ತು. ಆ ವಯಸ್ಸಿನಲ್ಲಿ ರಕ್ತ ಕಡಮೆಯಾದರೆ, ಗಂಡಸರಲ್ಲಿ ೧೩ಕ್ಕಿಂತ ಇಳಿದರೂ ಅಷ್ಟೆ, ಮಾತ್ರೆ ಬರೆದುಕೊಟ್ಟು ಸುಮ್ಮನಾಗುವುದು ತಪ್ಪು. ಒಳಗೆ ಎಲ್ಲಾದರೂ ಸೋರುತ್ತಿದೆಯೇ ಎಂದು ಹುಡುಕಬೇಕು. ಡಾಕ್ಟರಮ್ಮ ಹುಡುಕಿದರು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತರಿಸಿಕೊಂಡು ಮೂರು ವರ್ಷದಿಂದ ನುಂಗುತ್ತಿದ್ದ ಮಾತ್ರೆ ಜಠರವನ್ನು ಹುಣ್ಣು ಮಾಡಿ, ಹನಿಹನಿಯಾಗಿ ರಕ್ತವನ್ನು ಬಸಿಯುತ್ತಿತ್ತು. ಯಾರಿಗೂ ತಿಳಿಯಲಿಲ್ಲ, ಅವರೂ ಯಾರಿಗೂ ಹೇಳುವವರಲ್ಲ. ಸೊಸೆಯ ಆಯಾಸಕ್ಕೆ ಸೋಮಾರಿತನವೆಂದು ಹೆಸರಿಟ್ಟವರು ತಮ್ಮ ಆಯಾಸಕ್ಕೆ ವಯಸ್ಸೆಂದು ಹೆಸರಿಟ್ಟುಕೊಂಡಿದ್ದರು.

ಇಬ್ಬರಿಗೂ ಮಾತ್ರೆ ಬಂತು. ಸೊಸೆಗೆ ದಿನವೂ, ಅತ್ತೆಗೆ ದಿನ ಬಿಟ್ಟು ದಿನ. ಒಂದು ಮಾತ್ರೆ ನುಂಗಿದ ಮೇಲೆ ಕರುಳಿನ ಕಾವಲುಗಾರ ಸುಮಾರು ಒಂದು ದಿನ ಬಾಗಿಲನ್ನು ಬಿಗಿ ಮಾಡಿಕೊಳ್ಳುತ್ತಾನೆಂದೂ, ಬಸುರಿಯರಲ್ಲದವರು ನಡುವೆ ಒಂದು ದಿನ ಬಿಟ್ಟರೆ ಹೆಚ್ಚು ದಕ್ಕುತ್ತದೆಂದೂ ಸ್ವಿಟ್ಸರ್ಲೆಂಡಿನ ಸಂಶೋಧಕರು ೨೦೧೭ರಲ್ಲಿ ತೋರಿಸಿದ್ದಾರೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೆ ಬಿಡುವವರೇ ಬಹಳ. ಚೀಟಿಯ ಅಂಕಿ ಸರಿಹೋದಮೇಲೂ ಮೂರು ತಿಂಗಳು ಮುಂದುವರಿಸಬೇಕು, ಬರಿದಾದ ಕಣಜ ತುಂಬುವುದು ಆಮೇಲೆ. ಇನ್ನೊಂದು ಎಚ್ಚರಿಕೆ: ಮಿಠಾಯಿಯಂತೆ ಕೆಂಪಗಿರುವ ಈ ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದ ಹಾಗೆ ಇಡತಕ್ಕದ್ದು. ಹಿಡಿಯಷ್ಟು ನುಂಗಿದರೆ ಮಗುವಿನ ಪ್ರಾಣಕ್ಕೆ ಅಪಾಯ.

ಹೆರಿಗೆಯಾಗುವ ಹೊತ್ತಿಗೆ ಸೊಸೆಯ ಅಂಕಿ ೧೦.೯ಕ್ಕೆ ಬಂದಿತ್ತು. ಬಾಣಂತನವನ್ನು ಅತ್ತೆಯೇ ಮಾಡಿದರು. ತಮ್ಮ ಬಾಣಂತನದಲ್ಲಿ ಸೊಪ್ಪು ನಂಜೆಂದೂ ಹಣ್ಣು ಶೀತವೆಂದೂ ತಿಂಗಳುಗಟ್ಟಲೆ ಮೆಣಸಿನ ಸಾರಿನಲ್ಲಿಯೇ ಕಳೆದವರು ಅವರು. ಈಗ ನುಗ್ಗೆಸೊಪ್ಪನ್ನು ಬಿಡಿಸಲು ತಾವೇ ಮೊರ ಹಿಡಿದು ಕುಳಿತರು. ಪಕ್ಕದ ಮನೆಯ ಮುದುಕಿ ಬಂದು ಗದರಿದಾಗ, “ಡಾಕ್ಟರಮ್ಮ ನನಗೂ ತಿನ್ನು ಅಂದಿದ್ದಾರೆ ಕಣ್ರೀ,” ಎಂದು ಹೇಳಿ ಬಾಯಿ ಮುಚ್ಚಿಸಿದರು. ಅಟ್ಟದ ಮೇಲಿದ್ದ ಕಬ್ಬಿಣದ ಬಾಣಲೆ ತುಕ್ಕು ಉಜ್ಜಿಸಿಕೊಂಡು, ಎಣ್ಣೆ ಕುಡಿದು ಒಲೆಗೆ ಬಂತು. ಕಾಫಿಯನ್ನು ಮಾತ್ರ ಬಿಡಲಾರೆನೆಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು; ಅದು ಹನ್ನೊಂದು ಗಂಟೆಗೆ ಸರಿದು, ಊಟ ಹನ್ನೆರಡೂವರೆಗೆ ನಿಂತಿತು. ಊಟಕ್ಕೆ ಅತ್ತೆ ಸೊಸೆಯರು ಕೂರುವುದು ಈಗಲೂ ಗಂಡಸರೆಲ್ಲ ಎದ್ದಮೇಲೆಯೇ. ಆದರೆ ಬಡಿಸುವುದಕ್ಕೆ ಮುಂಚೆ, ಹುಳಿಯ ತಳದಿಂದ ಎರಡು ಸೌಟು ಗಟ್ಟಿ ಬೇಳೆಯನ್ನು ಒಂದು ಬಟ್ಟಲಿಗೆ ತೆಗೆದು, ತಟ್ಟೆ ಮುಚ್ಚಿ ಅತ್ತೆ ಒಳಗೆ ಇಡುತ್ತಾರೆ.